ಪದ್ಮಾ ಕಾಕು ಹುಡುಕಿಸಿದ ಜಾಹೀರಾತು

ಇವತ್ತು ಬೆಳಿಗ್ಗೆ ಬಾಗಿಲಿನ ಕಂಡಿಯಿಂದ ಒಂದು ಪುಸ್ತಿಕೆ ಒಳಗೆ ಬಿತ್ತು. ಲಂಡನ್ನಿನ ನಮ್ಮ ರೇನರ್ಸ್ ಲೇನಿನಲ್ಲಿ ಆಗಾಗ ಮನೆಮನೆಗೂ ಬೀಳುವ ಜಾಹೀರಾತಿನ ಪುಸ್ತಿಕೆ. ಬಾಯ್ಲರ್ ರಿಪೇರಿಯವನು, ಹುಬ್ಬು ತೀಡುವವಳು, ಸತ್ಯನಾರಾಯಣ ಪೂಜೆಯಿಂದ ಹಿಡಿದು ಗೃಹಪ್ರವೇಶದವರೆಗೆ ಎಲ್ಲವನ್ನೂ ಮಾಡಿಸಿಕೊಡುವ ಪಂಡಿತರು, ಗುಜರಾತಿ ಊಟದ ಡಬ್ಬಿ ಕಳಿಸುವವರು, ಹೆಂಗಸರಿಗೆ ಮಾತ್ರ ಡ್ರೈವಿಂಗ್ ಕಲಿಸುವ ಹೆಂಗಸು. ನನ್ನ ಗಂಡ ಇಂಥದ್ದನ್ನೆಲ್ಲ ಚಪ್ಪಲಿ ಬಿಡುವ ಜಾಗದಿಂದ ಎತ್ತಿ ನೇರವಾಗಿ ಬಿನ್ನಿಗೆ ಹಾಕುತ್ತಾರೆ. ನಾನು ಮಾತ್ರ ಮೆಟ್ಟಿಲ ಮೇಲೆ ಕೂತು ಮೊದಲ ಪುಟದಿಂದ ಕೊನೆಯವರೆಗೆ ಓದುತ್ತೇನೆ. ಬಾಯ್ಲರ್ ಕೆಟ್ಟಿಲ್ಲ, ಡ್ರೈವಿಂಗ್ ಬರುತ್ತದೆ, ಹುಬ್ಬಿನ ಬಗ್ಗೆ ಆಸೆ ಬಿಟ್ಟು ಬಹಳ ವರ್ಷವಾಯಿತು. ಆದರೂ ಓದುತ್ತೇನೆ. ಇವತ್ತಂತೂ ಮಧ್ಯಾಹ್ನ ಸ್ಟ್ರಾಟ್‌ಫರ್ಡಿಗೆ ಹೋಗಬೇಕಿತ್ತು, ಅಲ್ಲಿಗೆ ಹೋಗಲು ಧೈರ್ಯ ಸಾಲದೆ ಇನ್ನೂ ನಿಧಾನವಾಗಿ ಓದಿದೆ.

ಈ ಚಟ ಹತ್ತಿಸಿದವರು ಪದ್ಮಾ ಕಾಕು. ಕಾಕು ಎಂದರೆ ನನ್ನ ಸ್ವಂತ ಚಿಕ್ಕಮ್ಮನಲ್ಲ. ಬೆಳಗಾವಿ ಕಡೆಯ ಹಿರಿಯ ಹೆಂಗಸನ್ನು ಹಾಗೆ ಕರೆಯುತ್ತಾರೆಂದು ನಾನು ಮೈಸೂರಿನವಳು ಲಂಡನ್ನಿಗೆ ಬಂದು ಕಲಿತೆ. ಅವರು ಕಿಂಗ್ಸ್‌ಬರಿಯಲ್ಲಿದ್ದರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಒಬ್ಬನೇ ಮಗ ಪ್ರಮೋದ ಕೆಲಸದ ಮೇಲೆ ಊರೂರು ಸುತ್ತುತ್ತಿದ್ದ. ಕನ್ನಡದವರ ಯುಗಾದಿ ಊಟದಲ್ಲಿ ನನ್ನ ಎಲೆಯ ಪಕ್ಕ ಕೂತವರು, ನಾನು ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸ ಮಾಡುತ್ತೇನೆಂದು ತಿಳಿದ ಕೂಡಲೇ ಕೇಳಿದ್ದು ತಮ್ಮ ಮಂಡಿನೋವಿನ ವಿಷಯವನ್ನಲ್ಲ. ನಿನಗೆ ಹಳೇ ಪುಸ್ತಕದ ಸಣ್ಣ ಅಕ್ಷರ ಓದಲಿಕ್ಕೆ ಬರ್ತದೇನು ಎಂದು ಕೇಳಿದರು. ಬರುತ್ತದೆ ಎಂದೆ. ಹೋಳಿಗೆ ಬಾಯಲ್ಲಿರುವಾಗ ಯಾರು ಏನು ಕೇಳಿದರೂ ನಾನು ಬರುತ್ತದೆ ಎನ್ನುತ್ತೇನೆ.

ವಿಷಯ ಇಷ್ಟು. ಕಾಕುವಿನ ತಂದೆ ಬ್ರಿಟಿಷರ ಕಾಲದ ಬೆಳಗಾವಿ ಕ್ಯಾಂಪಿನಲ್ಲಿ, ಅಂದರೆ ದಂಡಿನ ಪ್ರದೇಶದಲ್ಲಿ, ಪಿಯಾನೋ ಶ್ರುತಿ ಮಾಡುತ್ತಿದ್ದರಂತೆ. ಶಹಾಪುರದ ಮನೆಯಿಂದ ಬೆಳಿಗ್ಗೆ ಕೋಟು ಹಾಕಿಕೊಂಡು, ಕಚ್ಚೆ ಬಿಗಿದು, ಸಾಮಾನಿನ ಚರ್ಮದ ಚೀಲ ಹಿಡಿದು ಹೊರಟರೆ ಸಂಜೆಯವರೆಗೆ ಸಾಹೇಬರ ಬಂಗಲೆಗಳಲ್ಲಿ ಕೆಲಸ. ಬೆಳಗಾವಿಯ ಮಳೆಗೆ ಮರ ಉಬ್ಬಿ ಪಿಯಾನೋಗಳೆಲ್ಲ ಬೇಸುರಾಗುತ್ತಿದ್ದವು. ಮೇಮ್‌ಸಾಹೇಬರು ಚೀಟಿ ಕಳಿಸುತ್ತಿದ್ದರು. ಹಿಂದೂಸ್ತಾನಿ ಸಂಗೀತದಲ್ಲಿ ಪಳಗಿದ ಕಿವಿ ಅವರದು. ಕಾಕು ಏಳೆಂಟು ವರ್ಷದವರಿದ್ದಾಗ ತಂದೆ ಒಂದು ದಿನ ಅಚ್ಚಾದ ಪುಟವೊಂದನ್ನು ಮನೆಗೆ ತಂದು, ಕ್ಯಾಂಪಿನ ಪಿಯಾನೋ ಅಂಗಡಿಯೊಂದರ ಜಾಹೀರಾತಿನ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದು ನಾನು ಎಂದು ತೋರಿಸಿದ್ದರು. ಕಾಕುವಿಗೆ ಆಗ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಅಂದಿನಿಂದ ಅವರ ತಲೆಯಲ್ಲಿ ಎರಡು ಸಂಗತಿ ಗಟ್ಟಿಯಾಗಿ ಕೂತವು. ಕ್ಯಾಂಪಿನ ಆ ಪಿಯಾನೋ ಅಂಗಡಿ ಅಪ್ಪನದು. ಅಪ್ಪನ ಹೆಸರು ಜಾಹೀರಾತಿನಲ್ಲಿ ಅಚ್ಚಾಗಿದೆ.

ತಮ್ಮ ವಸಂತ ಇದನ್ನು ಒಪ್ಪುತ್ತಿರಲಿಲ್ಲ. ಅಕ್ಕನಿಗಿಂತ ಬಹಳ ಚಿಕ್ಕವನು, ಅವನು ಕಣ್ಣು ಬಿಡುವ ಹೊತ್ತಿಗೆ ಸಾಹೇಬರು ಹಡಗು ಹತ್ತಿಯಾಗಿತ್ತು, ತಂದೆ ಶಹಾಪುರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಆದರೂ ಊರಿನಲ್ಲೇ ಉಳಿದವನಾದ್ದರಿಂದ ಊರಿನ ಸುದ್ದಿ ಅವನಿಗೆ ಗೊತ್ತಿತ್ತು. ಅವನ ಮಗಳ ಮದುವೆ ಬಂತು. ಲಗ್ನಪತ್ರಿಕೆಯಲ್ಲಿ ಅಜ್ಜನ ಹೆಸರಿನ ಕೆಳಗೆ, ಕ್ಯಾಂಪಿನ ಪಿಯಾನೋ ಅಂಗಡಿಯ ಮಾಲೀಕರು ಎಂದು ಹಾಕಿಸಬೇಕೆಂದು ಲಂಡನ್ನಿನಿಂದ ಹೋದ ಕಾಕು ಹಟ ಹಿಡಿದರು. ಬೀಗರು ಕೂತಿದ್ದ ಪಡಸಾಲೆಯಲ್ಲೇ ತಮ್ಮ ಹೇಳಿಬಿಟ್ಟ: "ಅಕ್ಕಾ, ಅಪ್ಪ ಅಲ್ಲೆ ಆಳಾಗಿದ್ದಾ. ಸುಳ್ಳ ಅಚ್ಚು ಹಾಕಸಲಿಕ್ಕೆ ಆಗೂದಿಲ್ಲ." ಕಾಕು ಅಕ್ಷತೆ ಹಾಕಿದರು, ಊಟ ಮಾಡಿದರು, ವಿಮಾನ ಹತ್ತಿದರು. ಆಮೇಲೆ ಅಕ್ಕ ತಮ್ಮ ಮಾತಾಡಲಿಲ್ಲ. ನಾನು ಅವರನ್ನು ಕಾಣುವ ಹೊತ್ತಿಗೆ ಆ ಮದುವೆಯ ಹುಡುಗಿಯ ಮಗ ಹೈಸ್ಕೂಲಿನಲ್ಲಿದ್ದ.

ಆ ತಮ್ಮನಿಗೆ ಈಗ ಕಿಡ್ನಿ ಕೆಟ್ಟಿದೆ, ವಾರಕ್ಕೆರಡು ಸಲ ಡಯಾಲಿಸಿಸ್ ಎಂಬ ಸುದ್ದಿ ಸಂಬಂಧಿಕರ ಮೂಲಕ ಬಂದಿತ್ತು. ಹಾಗಿದ್ದರೆ ಒಂದು ಫೋನ್ ಮಾಡಿ ಕಾಕು ಎಂದು ನಾನೇ ಹೇಳಿದ್ದೆ. ಅವರು ಅಡುಗೆಮನೆಯ ಮೇಜಿನ ಮೇಲೆ ಅಂಗೈ ಊರಿ, ಯೋಚಿಸಿಯೇ ಹೇಳಿದರು: "ಅಪ್ಪ ತೋರ್ಸಿದ್ದ ಆ ಕಾಗದ ಸಿಕ್ಕ ದಿನಾ ಮಾಡ್ತೀನಿ. ನಾ ಹೇಳಿದ್ದು ಖರೆ ಇದ್ರ ಅವಾ ತಪ್ಪಾತು ಅನ್ಲಿ. ಅವಾ ಹೇಳಿದ್ದು ಖರೆ ಇದ್ರ ನಾ ಅಂತೀನಿ. ಸುಮ್ನ ಹೆಂಗ ಮಾಡ್ಲಿ?" ಈ ಮಾತಿನ ಎರಡು ಭಾಗಗಳನ್ನೂ ಅವರು ನನ್ನ ಮುಖ ನೋಡಿಯೇ ಹೇಳಿದ್ದರು. ನಾನು ಮೊದಲ ಭಾಗವನ್ನಷ್ಟೇ ಕೇಳಿಸಿಕೊಂಡೆ.

ಕಾಕುವಿಗೆ ನೋಟದ ನಡುವೆ ಕಪ್ಪು ಕಲೆ ಬಂದು ಓದಲು ಆಗುತ್ತಿರಲಿಲ್ಲ, ಮಂಡಿಯಿಂದಾಗಿ ಟ್ಯೂಬ್ ರೈಲು ಹತ್ತಲೂ ಆಗುತ್ತಿರಲಿಲ್ಲ. ಗುರುವಾರ ನನಗೆ ರಜೆ. ಹಾಗಾಗಿ ಗುರುವಾರ ಬೆಳಿಗ್ಗೆ ನಾನು ನಗರದ ದೊಡ್ಡ ಗ್ರಂಥಾಲಯಕ್ಕೆ ಹೋಗಿ, ಬ್ರಿಟಿಷರು ವರ್ಷವರ್ಷವೂ ಅಚ್ಚು ಹಾಕಿಸುತ್ತಿದ್ದ ಬೆಳಗಾವಿ ಕ್ಯಾಂಪಿನ ಕೈಪಿಡಿಗಳನ್ನು ತರಿಸಿಕೊಂಡು, ಹಿಂದೆ ಮುಂದೆ ಹೊಲಿದ ಜಾಹೀರಾತಿನ ಪುಟಗಳ ಫೋಟೋ ತೆಗೆಯುವುದು. ಅಲ್ಲಿಂದ ಸಂಜೆ ಕಿಂಗ್ಸ್‌ಬರಿಗೆ ಹೋಗಿ ಅವನ್ನು ಕಾಕುವಿಗೆ ಓದಿ ಹೇಳುವುದು. ಅವಲಕ್ಕಿ, ಚಹಾ ಸಿಗುತ್ತಿತ್ತು. ನನ್ನ ಸಮಾಜಸೇವೆಯಲ್ಲಿ ಅವಲಕ್ಕಿಯ ಪಾಲೂ ಇತ್ತೆಂದು ಒಪ್ಪಿಕೊಂಡುಬಿಡುತ್ತೇನೆ.

ಆ ಜಾಹೀರಾತುಗಳನ್ನು ನೀವು ಓದಬೇಕಿತ್ತು. ಬಂಗಲೆಗೇ ಬಂದು ಕೂದಲು ಕತ್ತರಿಸುವ ಕ್ಷೌರಿಕರು. ಕೈ ತಾಕಿಸದೆ ತಯಾರಿಸಿದ ಬ್ರೆಡ್ಡು. ಬೆಂಡಿನ ಟೋಪಿ, ಜೀನು, ಲಗಾಮು. ಔಷಧಿ ಅಂಗಡಿಯವರದೇ ಸೋಡಾ ಫ್ಯಾಕ್ಟರಿ. ವರ್ಗವಾಗಿ ಬರುವ ಅಧಿಕಾರಿಗಳಿಗೆ ಮಂಚ, ಮೇಜು, ಸ್ನಾನದ ತೊಟ್ಟಿಗಳನ್ನೆಲ್ಲ ಬಾಡಿಗೆಗೆ ಕೊಡುವವರು, ಅವರು ವರ್ಗವಾಗಿ ಹೋಗುವಾಗ ಉಳಿದದ್ದನ್ನು ಹರಾಜು ಹಾಕುವವರು. ಒಬ್ಬ ಬಡಗಿಯಂತೂ ಮೇಲಿನ ಸಾಲಿನಲ್ಲಿ ತೊಟ್ಟಿಲು, ಕೆಳಗಿನ ಸಾಲಿನಲ್ಲಿ ಶವಪೆಟ್ಟಿಗೆ ಎಂದು ಹಾಕಿದ್ದ. ಅದನ್ನು ಓದಿದ ದಿನ ಕಾಕು ಚಹಾ ನೆತ್ತಿಗೇರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ಶಾಣ್ಯಾ ಇದ್ದಾನ, ನಡುವ ನಾವು ಬ್ಯಾರೆ ಅಂಗಡಿಗೆ ಹೋಗೂದು ಬ್ಯಾಡಲ್ಲಾ ಎಂದರು.

ನಾನು ಓದುತ್ತಿದ್ದದ್ದು ಅಂಗಡಿಗಳ ಹೆಸರು, ಎಲ್ಲವೂ ಸಾಹೇಬರ ಹೆಸರುಗಳು. ಕಾಕು ತಂದೆಯಿಂದ ಕೇಳಿದ್ದನ್ನು ನೆನೆದು ಒಳಗಿದ್ದವರ ಹೆಸರು ಹೇಳುತ್ತಿದ್ದರು. ಕೈ ತಾಕಿಸದ ಬ್ರೆಡ್ಡಿನ ಹಿಟ್ಟನ್ನು ಮೊಣಕೈವರೆಗೆ ತೋಳು ಮುಳುಗಿಸಿ ನಾದುತ್ತಿದ್ದವರು ಯಾರು, ಲಂಡನ್ನಿನ ಹೊಸ ಮಾದರಿಯ ಗೌನುಗಳನ್ನು ಖಡೇಬಝಾರದ ಯಾವ ಸಂದಿಯಲ್ಲಿ ಕೂತು ಯಾರು ಹೊಲಿಯುತ್ತಿದ್ದರು, ಎಲ್ಲವೂ ಅವರಿಗೆ ಗೊತ್ತಿತ್ತು. ಇಡೀ ಊರೇ ಆ ಪುಟಗಳ ಹಿಂದೆ ಕೆಲಸ ಮಾಡುತ್ತಿತ್ತು. ಹೀಗೆ ಎಲ್ಲರ ಅಂಗಡಿಯ ಒಳಗನ್ನು ಬಲ್ಲವರಿಗೆ ತಮ್ಮ ತಂದೆಯ ವಿಷಯದಲ್ಲಿ ಮಾತ್ರ ಅದು ಹೇಗೆ ಹೊಳೆಯಲಿಲ್ಲವೋ! ನಮ್ಮ ಮನೆಯ ದೇವರಷ್ಟೇ ಸತ್ಯ ಎನ್ನುವುದು ಎಲ್ಲರ ಸ್ವಭಾವ, ನಾನು ಅವರನ್ನು ಅಣಕಿಸುವುದಿಲ್ಲ.

ಆ ವರ್ಷ ದೀಪಾವಳಿಗೆ ಒಂದು ವಾರವಿದ್ದಾಗ ಜಾಹೀರಾತು ಸಿಕ್ಕಿತು. ಪಿಯಾನೋ ಮತ್ತು ಸಂಗೀತ ವಾದ್ಯಗಳ ಅಂಗಡಿ, ಕ್ಯಾಂಪ್, ಬೆಳಗಾವಿ. ಮಾಲೀಕ ಒಬ್ಬ ಸಾಹೇಬ, ಅವನ ಹೆಸರು ದಪ್ಪ ಅಕ್ಷರದಲ್ಲಿ. ಮಾರಾಟ, ಬಾಡಿಗೆ, ಮಳೆಗಾಲದ ವಾರ್ಷಿಕ ಒಪ್ಪಂದ. ಕೆಳಗೆ ಒಂದು ಸಾಲು: ಶ್ರುತಿ ಮಾಡುವ ಕೆಲಸವನ್ನು ನುರಿತ ಯುರೋಪಿಯನ್ ಶ್ರುತಿಕಾರರಿಂದ ಮಾತ್ರ ಮಾಡಿಸಲಾಗುವುದು. ಅಷ್ಟೇ. ಮುಂದಿನ ವರ್ಷಗಳ ಕೈಪಿಡಿ ನೋಡಿದೆ, ಹಿಂದಿನದು ನೋಡಿದೆ. ಅದೇ ಅಂಗಡಿ, ಅದೇ ಸಾಲು. ಕ್ಯಾಂಪಿನಲ್ಲಿ ಬೇರೆ ಪಿಯಾನೋ ಅಂಗಡಿಯೇ ಇರಲಿಲ್ಲ. ತಮ್ಮ ಹೇಳಿದ್ದು ನಿಜವಾಗಿತ್ತು. ತಂದೆ ಆಳಾಗಿದ್ದದ್ದು ಮಾತ್ರವಲ್ಲ, ಆಳಾಗಿ ಕೂಡ ಆ ಪುಟದಲ್ಲಿ ಅವರಿಗೆ ಜಾಗವಿರಲಿಲ್ಲ.

ಈಗ ನಮ್ಮ ಮೈಸೂರಿನ ಮನೆಯ ಪದ್ಧತಿಯೊಂದನ್ನು ಹೇಳಬೇಕು. ನಮ್ಮ ಮನೆಯಲ್ಲಿ ಅಕ್ಕಿ ಮುಗಿಯುವುದಿಲ್ಲ, ಹೆಚ್ಚುತ್ತದೆ. ದೀಪ ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ಯಾರೂ ಹೋಗುವುದಿಲ್ಲ, ಹೋಗಿ ಬರುತ್ತಾರೆ. ಹಿರಿಯರ ಮುಂದೆ ಕೆಟ್ಟದ್ದನ್ನು ನುಡಿದರೆ ನಾಲಿಗೆಗೆ ಬಿಸಿ ಮುಟ್ಟಿಸುವೆನೆಂದು ಅಜ್ಜಿ ಹೆದರಿಸುತ್ತಿದ್ದರು. ಹೀಗೆ ಬೆಳೆದ ನಾಲಿಗೆಯನ್ನು ಹೊತ್ತು ಅಂದು ಸಂಜೆ ಕಿಂಗ್ಸ್‌ಬರಿಗೆ ಹೋದೆ. ದೀಪಾವಳಿಗೆಂದು ಕಾಕು ಕರದಂಟಿನ ತಟ್ಟೆ ಮುಂದಿಟ್ಟರು. ಇನ್ನೂ ಸಿಕ್ಕಿಲ್ಲ ಕಾಕು, ಪುಸ್ತಕಗಳು ಬೇಕಾದಷ್ಟಿವೆ, ಸಿಗುತ್ತೆ ಎಂದೆ. ಹಬ್ಬದ ಮುಂದೆ ಯಾಕೆ ನೋಯಿಸಲಿ, ಹಬ್ಬ ಕಳೆಯಲಿ ಎಂದುಕೊಂಡೆ. ಹಬ್ಬ ಕಳೆಯಿತು. ಆಮೇಲೆ ತುಳಸಿ ಲಗ್ನ ಬಂತು, ಅವರಿಗೆ ನೆಗಡಿ ಬಂತು, ಸಂಕ್ರಾಂತಿ ಬಂತು. ಹೇಳದಿರಲು ಕಾರಣ ಹುಡುಕುವವರಿಗೆ ಪಂಚಾಂಗ ಎಂದೂ ಕೈಕೊಡುವುದಿಲ್ಲ.

ಪ್ರತಿ ಗುರುವಾರ ಹೋಗುತ್ತಲೇ ಇದ್ದೆ. ಕುದುರೆ ಮೇವಿನ ಜಾಹೀರಾತು ಓದಿದೆ, ಹಾಲಿನ ಡೇರಿಯದು ಓದಿದೆ, ಆಗಲೇ ಓದಿದ್ದ ಶವಪೆಟ್ಟಿಗೆಯ ಬಡಗಿಯದನ್ನು ಇನ್ನೊಮ್ಮೆ ಓದಿ ನಗಿಸಿದೆ. ಹಿರಿಯ ಜೀವದ ಒಂದು ಆಸೆಯನ್ನು ಕಾಪಾಡುತ್ತಿದ್ದೇನೆ ಎಂದು ನನ್ನ ಬಗ್ಗೆ ನನಗೆ ಒಳಗೊಳಗೇ ಮೆಚ್ಚುಗೆಯೂ ಇತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಶಿವರಾತ್ರಿಯ ಮಾರನೆಯ ದಿನ ಪ್ರಮೋದ ನನಗೆ ಫೋನ್ ಮಾಡಿ, ವಸಂತ ಮಾವ ಹೋದರು ಎಂದ. ನಾನು ಹೋಗುವ ಹೊತ್ತಿಗೆ ಕಾಕು ತಲೆಸ್ನಾನ ಮಾಡಿ ಒದ್ದೆ ಕೂದಲಲ್ಲೇ ಹೀಟರಿನ ಪಕ್ಕ ಕೂತಿದ್ದರು. ಬೆಳಗಾವಿಯಿಂದ ಸೋದರ ಸೊಸೆ ಮಾತಾಡಿದ್ದಳಂತೆ. ಕೊನೆಯ ಎರಡು ದಿನ ಬಿಟ್ಟರೆ ಅವನಿಗೆ ಮಾತು, ಜ್ಞಾನ ಎಲ್ಲ ಸರಿಯಿತ್ತಂತೆ. ಫೋನ್ ಬಂದಾಗಲೆಲ್ಲ ಯಾರದು ಎಂದು ಕೇಳುತ್ತಿದ್ದನಂತೆ. ಇದಿಷ್ಟು ಹೇಳಿ ಕಾಕು, ಆ ಕಾಗದ ಸಿಗಲೇ ಇಲ್ಲ ನೋಡು ಎಂದರು. ನನ್ನ ಕೈಚೀಲದೊಳಗಿನ ಫೋನಿನಲ್ಲಿ ಆ ಕಾಗದವಿತ್ತು.

ಹದಿನಾಲ್ಕನೆಯ ದಿನ ಹೇಳಿದೆ. ತಡೆದುಕೊಳ್ಳಲು ಆಗಲಿಲ್ಲ, ಅದಕ್ಕೆ ಹೇಳಿದೆ. ನನ್ನ ಹಗುರಕ್ಕಾಗಿ ಹೇಳಿದೆ ಎಂದರೂ ತಪ್ಪಲ್ಲ. ಕಾಕು, ಓದು ಎಂದರು. ಮೇಲಿನ ಸಾಹೇಬನ ಹೆಸರಿನಿಂದ ಕೆಳಗಿನ ಸಾಲಿನವರೆಗೆ ಓದಿ, ಕನ್ನಡದಲ್ಲಿ ಹೇಳಿದೆ. ಕೆಳಗಿನ ಸಾಲಿಗೆ ಅವರ ಮುಖ ಅರಳಿತು. ಅಪ್ಪ ಬೆರಳಿಟ್ಟು ತೋರಿಸಿದ್ದು ಈ ಸಾಲೇ ಇರಬೇಕು ಎಂದರು. ಆ ಕೆಲಸ ಮಾಡುತ್ತಿದ್ದವನು ಅವನೊಬ್ಬನೇ, ಹಾಗಾದರೆ ಅಚ್ಚಾದ ಆ ನುರಿತ ಯುರೋಪಿಯನ್ ನಮ್ಮಪ್ಪನೇ ಎಂದು ಸಣ್ಣಗೆ ನಕ್ಕರು. ಅಪ್ಪ ಸುಳ್ಳು ಹೇಳಿರಲಿಲ್ಲ, ವಸಂತನೂ ಸುಳ್ಳು ಹೇಳಿರಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ನಾನು ನೋವಾಗುತ್ತದೆಂದು ನಾಲ್ಕು ತಿಂಗಳು ಬಚ್ಚಿಟ್ಟದ್ದನ್ನು ಅವರು ನಾಲ್ಕು ನಿಮಿಷದಲ್ಲಿ ಅರಗಿಸಿಕೊಂಡಿದ್ದರು.

ಆಮೇಲೆ ಕೇಳಿದರು, ಇದು ಯಾವತ್ತು ಸಿಕ್ಕಿತು?

ದೀಪಾವಳಿಯ ಹಿಂದಿನ ಗುರುವಾರ ಎಂದೆ. ಅವರು ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಒಂದೊಂದಾಗಿ ಸರಿಸಿದರು.

"ನಾಕ ತಿಂಗಳಾ ಮಾತಾಡಬಹುದಿತ್ತು," ಎಂದರು.

ಬೈಯಲಿಲ್ಲ. ಬೈದಿದ್ದರೆ ಅತ್ತು, ಕಾಲು ಹಿಡಿದು, ಮುಗಿಸಿಬಿಡುತ್ತಿದ್ದೆ. ಎದ್ದು ಚಹಾ ಮಾಡಿದರು, ನನಗೆ ಬೇಕಾದಷ್ಟು ಸಕ್ಕರೆ ನೆನಪಿಟ್ಟು ಹಾಕಿದರು. ಮುಂದೆಯೂ ನಾನು ಹೋದಾಗಲೆಲ್ಲ ಅವಲಕ್ಕಿ ಕೊಟ್ಟರು, ಮಕ್ಕಳನ್ನು ವಿಚಾರಿಸಿದರು. ಆದರೆ ಅಂದಿನಿಂದ ನನ್ನ ಕೈಯಲ್ಲಿ ಏನನ್ನೂ ಓದಿಸಲಿಲ್ಲ. ಕೌನ್ಸಿಲಿನ ಕಾಗದ ಬಂದರೆ ಪಕ್ಕದ ಮನೆಯ ಗುಜರಾತಿ ಹುಡುಗಿಯನ್ನು ಕರೆಯುತ್ತಿದ್ದರು. ಒಮ್ಮೆ ನಾನು ಅಲ್ಲೇ ಕೂತಿರುವಾಗ ಆ ಹುಡುಗಿ ಬಂದು ಗ್ಯಾಸಿನವರ ಪತ್ರ ಓದಿ ಹೋದಳು. ನಾನು ಕಪ್ಪಿನೊಳಗೆ ನೋಡುತ್ತ ಕೂತೆ. ಅಷ್ಟು ಸಣ್ಣ ಸಂಗತಿಗೆ ಅಷ್ಟು ನೋವಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಇದಾಗಿ ಮೂರು ವರ್ಷ. ಕಳೆದ ಬೇಸಿಗೆಯಲ್ಲಿ ಪ್ರಮೋದ ಕಿಂಗ್ಸ್‌ಬರಿಯ ಮನೆ ಮಾರಿ ತಾಯಿಯನ್ನು ತನ್ನ ಸ್ಟ್ರಾಟ್‌ಫರ್ಡಿನ ಫ್ಲಾಟಿಗೆ ಕರೆದುಕೊಂಡು ಹೋದ. ನಾನು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ. ನಿನ್ನೆ ಅವರೇ ಮಾಡಿದರು. ಆಸ್ಪತ್ರೆಯಿಂದ ಒಂದು ಕಾಗದ ಬಂದಿದೆ, ನೀನು ಬಂದು ಓದಬೇಕು ಎಂದರು. 

ಅದಕ್ಕೇ ಇವತ್ತು ಮೆಟ್ಟಿಲ ಮೇಲೆ ಕೂತು ಬಾಯ್ಲರಿನವನ ಜಾಹೀರಾತನ್ನೂ ಬಿಡದೆ ಓದಿದ್ದು. ಕೊನೆಗೆ ಎದ್ದೆ. ವೆಂಬ್ಲಿ ಪಾರ್ಕಿನಲ್ಲಿ ಇಳಿದು ಜುಬಿಲಿ ಲೈನಿನ ರೈಲು ಹಿಡಿದೆ. ಕಿಂಗ್ಸ್‌ಬರಿ ಹಿಂದಕ್ಕೆ ಉಳಿಯಿತು.

ಪ್ರಮೋದ ಕೆಳಗೆ ಲಿಫ್ಟಿನ ಹತ್ತಿರವೇ ಕಾಯುತ್ತಿದ್ದ. ಅವನಿಗೆ ಕನ್ನಡ ಅರ್ಥವಾಗುತ್ತದೆ, ಆಡುವುದು ಇಂಗ್ಲಿಷ್. ಡಾಕ್ಟರು ತನಗೆ ಎಲ್ಲ ಹೇಳಿದ್ದಾರೆ, ಗಡ್ಡೆ ಯಕೃತ್ತಿಗೂ ಹರಡಿದೆ, ಅಮ್ಮನಿಗೆ ಎಂಬತ್ತಾರು, ಈಗ ತಿಳಿದು ಏನಾಗಬೇಕು ಎಂದ. ಇನ್ನೊಂದು ಸ್ಕ್ಯಾನ್ ಎಂದಷ್ಟೇ ಹೇಳಿ ಆಂಟಿ, ನೀವು ಹೇಳಿದರೆ ನಂಬುತ್ತಾಳೆ ಎಂದು ಕೈ ಹಿಡಿದುಕೊಂಡ. ಲಿಫ್ಟಿನ ಹದಿಮೂರು ಮಹಡಿಯ ಉದ್ದಕ್ಕೂ ನನ್ನ ನಾಲಿಗೆಯ ಮೇಲೆ ಆ ಮಾತು ಸಿದ್ಧವಾಗಿ ಕೂತಿತ್ತು. ಏನಿಲ್ಲ ಕಾಕು, ಇನ್ನೊಂದು ಸ್ಕ್ಯಾನ್ ಅಷ್ಟೇ. ಎಷ್ಟು ಸುಲಭವಾಗಿ ಬರುತ್ತಿತ್ತು!

ಕಾಕು ಸೋಫಾದ ಮೂಲೆಯಲ್ಲಿ ಶಾಲು ಹೊದ್ದು ಕೂತಿದ್ದರು. ಅರ್ಧದಷ್ಟಾಗಿದ್ದರು. ಕಾಗದ ಅವರ ತೊಡೆಯ ಮೇಲೇ ಇತ್ತು. ಅದನ್ನು ನನ್ನ ಕಡೆ ಚಾಚಿ ಹೇಳಿದರು: "ಪ್ರಮೋದ ಓದಿದ್ರ ಛಲೋದಷ್ಟೇ ಓದ್ತಾನ. ಬ್ಯಾರೆದವ್ರೂ ಹಂಗ ಮಾಡ್ತಾರ. ನೀ ಒಮ್ಮೆ ಹಂಗ ಮಾಡಿ ನೋಡೀದಿ. ಅದಕ್ಕ ನಿನ್ನ ಕರದೆ."

ಪ್ರಮೋದ ನನ್ನನ್ನೇ ನೋಡುತ್ತಿದ್ದ. ನಾನು ಕನ್ನಡಕ ಹಾಕಿಕೊಂಡು ಆಸ್ಪತ್ರೆಯ ವಿಳಾಸದಿಂದ ಶುರುಮಾಡಿದೆ. ಒಂದು ಸಾಲು ಇಂಗ್ಲಿಷಿನಲ್ಲಿ ಓದುವುದು, ಅದನ್ನೇ ಕನ್ನಡದಲ್ಲಿ ಹೇಳುವುದು. ಎರಡನೆಯ ಪ್ಯಾರಾದಲ್ಲಿ ಕ್ಯಾನ್ಸರ್ ಎಂಬ ಪದ ಬಂತು. ಅದಕ್ಕೆ ಬೇರೆ ಮೆತ್ತನೆಯ ಪದ ಹುಡುಕದೆ ಅದನ್ನೇ ಹೇಳಿದೆ. ಶಸ್ತ್ರಚಿಕಿತ್ಸೆ ಮಾಡುವುದಿಲ್ಲ ಎಂದಿತ್ತು, ಓದಿದೆ. ಇನ್ನು ವರ್ಷಗಳ ಮಾತಲ್ಲ, ತಿಂಗಳುಗಳ ಮಾತು ಎಂದಿತ್ತು, ಅದನ್ನೂ ಓದಿದೆ. ಕೊನೆಯ ಸಹಿಯವರೆಗೆ ಓದಿ ಮುಗಿಸಿದೆ. ಪ್ರಮೋದ ಕಿಟಕಿಯ ಕಡೆ ತಿರುಗಿ, ಕೆಳಗಿನ ರೈಲು ಹಳಿಗಳನ್ನು ನೋಡುತ್ತ ನಿಂತುಬಿಟ್ಟ.

ಇನ್ನೊಮ್ಮೆ ಓದು ಎಂದರು ಕಾಕು. ಓದಿದೆ.

ಆಮೇಲೆ ಅವರು ಶಾಲು ಸರಿಸಿ, ಪಕ್ಕದಲ್ಲಿ ಜಾಗ ಮಾಡಿ, ಅಂಗೈಯಿಂದ ಸೋಫಾ ತಟ್ಟಿದರು.

"ಪ್ರಮೋದಾ, ಇಲ್ಲೆ ಬಾ," ಎಂದರು. "ಇನ್ನೂ ದಿನಾ ಅವ. ಮಾತಾಡೋಣು."